ಟೋಪಿ ತೊಳೆದ ಶನಿವಾರ

ಸ್ಕಾಟ್ಲೆಂಡಿನ ಕಡಲಂಚಿನ ಆ ಊರಿಗೆ ಸಿಡಿಮದ್ದಿನ ಕಾರ್ಖಾನೆಯೇ ಅನ್ನ. ಬಸ್ಸಿನ ಸಾಲಿನಲ್ಲಿ ಶೋನಾ ತಲೆ ತಗ್ಗಿಸಿ ನಿಂತಿದ್ದಳು. ಅವಳ ಮುಂದೆ ಗಂಡನನ್ನು ಕಳೆದುಕೊಂಡ ನೆಟ್ಟಾ, ನೆಟ್ಟಾಳ ಪಕ್ಕದಲ್ಲಿ ಅವಳ ನಾದಿನಿ ಎಫಿ; ಇಬ್ಬರ ಮಾತೂ ಶೋನಾಳ ಕಿವಿಗೆ ಬೀಳುತ್ತಿತ್ತು.

"ಅತ್ತಿಗೆ, ನಮ್ಮನೆಯವರ ಟೋಪಿ ನಾರ್ತಾ ಇದೆ. ಮಲಗುವಾಗಲೂ ಬಿಡಲ್ಲ. ನನ್ನ ಬದಲು ಅದನ್ನೇ ಮದುವೆ ಆಗ್ಬೇಕಿತ್ತು," ಅಂದಳು ಎಫಿ. "ಇವತ್ತು ತೊಳೆದುಬಿಡ್ಲಾ?"

"ಮುಟ್ಟಬೇಡ ಕಣೇ."

"ಅದರ ಪಟ್ಟೀಲಿ ಕಾರ್ಖಾನೆಯ ಸಿಡಿಮದ್ದು ಸವರ್ಕೊಂಡು ಬರ್ತಾರೆ. ರಜಾ ದಿನ ಅದರ ಗಾಳಿ ತಪ್ಪಿದ್ರೆ ಸೋಮವಾರ ಕೆಲಸಕ್ಕೆ ಹೋದ ಕೂಡಲೇ ತಲೆ ಸಿಡಿಯುತ್ತಂತೆ."

"ನಿನ್ನಣ್ಣನೂ ಹಾಗೇ ಅಂತಿದ್ದ. ಚರ್ಚಿಗೆ ಆ ಹೊಲಸು ಬೇಡ ಅಂತ ಶನಿವಾರ ನಾನೇ ತೊಳೆದೆ. ಭಾನುವಾರ ಎದೆ ಹಿಡ್ಕೊಂಡು ಹೋಗೇಬಿಟ್ಟ."

"ಟೋಪಿ ತೊಳೆದ್ರೆ ಯಾರಾದ್ರೂ ಸಾಯ್ತಾರಾ?"

"ಡಾಕ್ಟರನ್ನ ಕೇಳಿದೆ. ರಕ್ತನಾಳಕ್ಕೆ ಸಡಿಲಾಗು ಅಂತ ಹೇಳೋದು ಅದರ ಒಳಪೊರೆಯಂತೆ. ದಿನಾ ಸಿಡಿಮದ್ದಿನ ಗಾಳಿಯೇ ನಾಳ ಸಡಿಲಿಸೋ ಆ ಕೆಲಸ ಮಾಡಿದ್ರೆ ಪೊರೆ ಸೋಮಾರಿಯಾಗುತ್ತಂತೆ. ಮದ್ದು ತಪ್ಪಿದ ದಿನ ಹೇಳೋರಿಲ್ಲದೆ ನಾಳ ಮುಷ್ಟಿ ಹಾಗೆ ಬಿಗಿಯುತ್ತೆ."

"ಟೋಪೀನೇ ಕಾರಣ ಅಂದ್ರಾ?"

"ಹೌದು ಅನ್ನೋಕಾಗಲ್ಲ ಅಂದ್ರು. ಅಲ್ಲ ಅಂತಾನೂ ಅನ್ನಲಿಲ್ಲ."

ಬಸ್ಸು ಬಂತು. ಎಫಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಹಾಕ್ಕೊಂಡೇ ಇದ್ರೆ ಪೊರೆ ಕೆಡುತ್ತೆ, ತೊಳೆದ್ರೆ ಹೀಗೆ. ನಾನೇನು ಮಾಡ್ಲಿ ಅತ್ತಿಗೆ?"

"ನನಗೆ ಗೊತ್ತಿಲ್ಲಮ್ಮ. ಭಾನುವಾರ ಮಾತ್ರ ಗಂಡನ ಪಕ್ಕದಲ್ಲೇ ಇರು. ಟೋಪಿ ಒಣಗಿಲ್ಲ ಅಂತ ನಿನ್ನಣ್ಣ ಮನೇಲಿ ಉಳಿದ. ನಾನೊಬ್ಬಳೇ ಚರ್ಚಿಗೆ ಹೋದೆ."

ಇಬ್ಬರೂ ಹತ್ತಿದರು. ಅದು ಶೋನಾಳ ಬಸ್ಸಾಗಿರಲಿಲ್ಲ; ಎಫಿ ಟೋಪಿ ತೊಳೆದಳೋ ಇಲ್ಲವೋ ಅವಳಿಗೆ ತಿಳಿಯಲೇ ಇಲ್ಲ.