ತಾತನ ಹಸಿರು ಸ್ಕಾರ್ಫ್

“ದಿಮಾಸ್ ತನ್ನ ತಾತನ ಪೆರ್ಸೆಬಾಯ ಸ್ಕಾರ್ಫನ್ನೇ ನಿಂಗೆ ಕೊಟ್ಬಿಟ್ನಾ!”

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಸಾಲಿನಲ್ಲಿದ್ದ ಅಮೂಲ್ಯಾ ಫೋನಿನಿಂದ ತಲೆಯೆತ್ತಿದಳು. ಮುಂದಿದ್ದವರು ಅವಳ ಕಾಲೇಜಿನವರೇ: ಮುಖ ಊದಿಸಿಕೊಂಡ ಕೌಸ್ತುಭ, ಕೊರಳಿಗೆ ಇಂಡೋನೇಷ್ಯಾದ ಫುಟ್‌ಬಾಲ್ ಕ್ಲಬ್ಬಿನ ಹಸಿರು ಸ್ಕಾರ್ಫ್ ಸುತ್ತಿಕೊಂಡ ಶ್ರೀಯಾ.

“ಕೊಟ್ಟ. ಸುರಬಾಯದ ಹುಡುಗ, ಅವನ ಟೀಮು. ನಿಂಗ್ಯಾಕೆ ಹೊಟ್ಟೆಉರಿ?”

“ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಶುರುವಾದ ಟೀಮು ಅಂತ ನಿಂಗೆ ಹೇಳ್ಕೊಟ್ಟೋನು ನಾನು!”

“ನೀನು ಹಿಸ್ಟರಿ ಹೇಳ್ದೆ. ಅವನು ಮ್ಯಾಚ್ ನೋಡೋಕೆ ಕರ್ದ.”

“ನಾನೂ ಕರೀತಿದ್ದೆ.”

“ಯಾವಾಗ, ಮುಂದಿನ ಜನ್ಮದಲ್ಲಾ? ಆ ಟೀಮಿನ ಫ್ಯಾನ್ಸ್‌ಗೆ ಬೋನೆಕ್ ಅಂತಾರಲ್ಲ, ಜೇಬಲ್ಲಿ ಕಾಸಿಲ್ದಿದ್ರೂ ಬರೀ ಧೈರ್ಯದ ಮೇಲೆ ಮ್ಯಾಚಿಗೆ ಹೊರಡೋರು. ನಿಂಗೆ ಆ ಧೈರ್ಯ ಒಂದಿಲ್ಲ ಲಾ.”

ಕೌಸ್ತುಭ ಅವಳತ್ತ ತಿರುಗಿದ. ಅಮೂಲ್ಯಾ ಫೋನ್ ಕೆಳಗಿಳಿಸಿ ಕಿವಿಗೊಟ್ಟಳು.

“ನಾಳೆ ಮ್ಯಾಚ್ ಎಷ್ಟೊತ್ತಿಗೆ?”

“ನಾಲ್ಕಕ್ಕೆ, ದಿಮಾಸ್ ರೂಮಲ್ಲಿ. ಎಲ್ರೂ ಬರ್ತಾರೆ.”

“ಮೂರೂವರೆಗೇ ರೈಲ್ವೆ ಸ್ಟೇಷನ್ ಗೇಟ್ ಹತ್ರ ಇರ್ತೀನಿ, ಒಟ್ಟಿಗೇ ಹೋಗೋಣ. ನಿನ್ನ ಪಕ್ಕ ಕೂರೋನು ನಾನು. ಅವನಲ್ಲ.”

ಶ್ರೀಯಾ ನಕ್ಕಳು. ಆಮೇಲೆ ಪಾರ್ಸೆಲ್ ಕಟ್ಟಿಸಿಕೊಂಡ ತಪಾವ್ ಪೊಟ್ಟಣ ಅವನ ಕೈಗಿಟ್ಟು ಹೊರಡುತ್ತಾ ಹೇಳಿದಳು:

“ಅಬ್ಬಾ, ನಮ್ಮಲ್ಲೂ ಒಬ್ಬ ಬೋನೆಕ್ ಹುಟ್ದ! ಮೂರೂವರೆ, ನಾಳೆ. ಲೇಟಾದ್ರೆ ಆ ಜಾಗ ದಿಮಾಸ್‌ಗೆ.”