ಬೆಂಕಿಪೊಟ್ಟಣ ಇದ್ಯಾ, ತಮ್ಮಾ?

ಈ ಸಂಗತಿಯನ್ನು ನನಗೆ ಮೊದಲು ಹೇಳಿದವನು ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಮುದುಕ. ಅವನಿಗೆ ಹೇಳಿದವನು ಅದನ್ನು ಸ್ವತಃ ಅನುಭವಿಸಿದವನೇ. ನಡುವೆ ಇನ್ನೊಂದು ಬಾಯಿ ಇಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚಿ ಕೈಮುಗಿದ ಮೇಲೆ ಸುಳ್ಳಾಡುವ ಪೈಕಿಯಲ್ಲ ಲಾಳದ ಮುದುಕ. ನಾನೂ ಅಲ್ಲ. ಆ ಬತ್ತಿ ಸ್ವಲ್ಪ ತಗ್ಗಿಸಿ… ಹತ್ತಿರ ಬಂದು ಕೂತು ಕೇಳಿ.

ಮಳೆಗೆ ಇನ್ನು ಹದಿನೈದು ದಿನವಿದೆ ಎನ್ನುವ ಕಾಲ. ನೇಗಿಲ ಕುಳ ಹರಿತ ಮಾಡಿಸಬೇಕು, ಬೀಜ ಹಸನು ಮಾಡಬೇಕು, ಬೇಲಿಯ ಕಂಡಿ ಮುಚ್ಚಬೇಕು, ಬಾವಿಯ ಹೂಳೆತ್ತಬೇಕು. ಹೊಲ ಅಂಗೈಯಗಲ ಇದ್ದರೂ ಕೆಲಸ ಅಂಗೈಯಗಲ ಇರುವುದಿಲ್ಲವಲ್ಲ. ಆ ದಿನ ಕಮ್ಮಾರನ ಕುಲುಮೆಯ ಮುಂದೆ ಜನವೋ ಜನ. ಇದನ್ನು ಅನುಭವಿಸಿದ ಚಿಕ್ಕಳಿಯನ ಸರದಿ ಬರುವ ಹೊತ್ತಿಗೆ ಕತ್ತಲು ಗಟ್ಟಿಯಾಗಿತ್ತು. ಇನ್ನೂ ಬಿಸಿ ಆರದ ಕುಳವನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿ, ಒಬ್ಬನೇ ಮನೆಯ ದಾರಿ ಹಿಡಿದ.

ದಾರಿಯಲ್ಲಿ ಬಾವಿ. ಅವನದೇ ಬಾವಿ.

ಇಪ್ಪತ್ತು ಹೆಜ್ಜೆ ಇರುವಾಗಲೇ ಸದ್ದು ಕೇಳಿಸಿತು. ಕೀ…ರ್. ರಾಟೆಯ ಸದ್ದು. ಎಣ್ಣೆ ಕಾಣದ ಕಬ್ಬಿಣದ ಅಚ್ಚು ತಿರುಗುವ ಸದ್ದು.

ಗಾಳಿ ಇರಲಿಲ್ಲ. ಬೇಲಿಯ ಎಲೆಯೊಂದೂ ಅಲುಗುತ್ತಿರಲಿಲ್ಲ.

ಅವನು ನಿಂತ. ರಾಟೆಯಿಂದ ಹಗ್ಗ ಇಳಿಬಿದ್ದದ್ದು ಕಂಡಿತು. ಯಾರೋ ಮರೆತು ಹೋಗಿದ್ದಾರೆ ಎನ್ನೋಣವೆಂದರೆ, ಬಾವಿಗೆ ಇರುವುದೇ ಒಂದು ಹಗ್ಗ. ಅದನ್ನು ಬೆಳಗ್ಗೆ ಅವನೇ ಸುರುಳಿ ಸುತ್ತಿ ಮನೆಯ ಗೂಟಕ್ಕೆ ನೇತುಹಾಕಿ ಬಂದಿದ್ದ.

ಕಟ್…

ಹಗ್ಗ ಬಿಗಿಯಿತು. ಸಡಿಲಾಯಿತು.

ಕಟ್… ಕಟ್…

ಮೂರು.

ಹೂಳೆತ್ತುವವರ ಲೆಕ್ಕ ನಿಮಗೆ ಹೇಳಿಬಿಡುತ್ತೇನೆ. ಬಾವಿಯ ತಳದಿಂದ ಕೂಗಿದರೆ ಮಾತು ಮಾತಾಗಿ ಮೇಲೆ ಬರುವುದಿಲ್ಲ, ಬರೀ ಗುಂಯ್ಗುಡುತ್ತದೆ. ಅದಕ್ಕೇ ಹಗ್ಗ ಜಗ್ಗುವುದು. ಒಂದು ಸಲ ಜಗ್ಗಿದರೆ ಬುಟ್ಟಿ ತುಂಬಿತು, ಎಳೆಯಿರಿ ಎಂದು. ಎರಡು ಸಲ ಜಗ್ಗಿದರೆ ಬುಟ್ಟಿ ಇಳಿಸಿ ಎಂದು. ಮೂರು ಸಲ ಜಗ್ಗಿದರೆ… ನನ್ನನ್ನೇ ಎತ್ತಿ ಎಂದು.

ಆಗ ಒಳಗಿನಿಂದ, ತೀರಾ ಕೆಳಗಿನಿಂದ, ಪಿಸುಮಾತು ಬಂತು. ಗುಂಯ್ಗುಡಲಿಲ್ಲ. ಕಿವಿಯ ಪಕ್ಕದಲ್ಲಿ ಆಡಿದಂತೆ ಸ್ಪಷ್ಟವಾಗಿತ್ತು.

"ಬೆಂಕಿಪೊಟ್ಟಣ ಇದ್ಯಾ, ತಮ್ಮಾ?"

ಕುಳ ಅಲ್ಲೇ ಬಿತ್ತು. ಅವನು ಓಡಿದ. ಮನೆ ಹೊಕ್ಕು ಚಿಲಕ ಹಾಕಿ ತಿರುಗಿದರೆ, ಹಗ್ಗ ಬೆಳಗ್ಗೆ ಹಾಕಿದ ಗೂಟದಲ್ಲೇ ಇತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್… ಟಪ್…

"ಈ ಹಗ್ಗ ಯಾರು ಮುಟ್ಟಿದ್ದು?" ಎಂದು ಪಿಸುಗುಟ್ಟಿದ.

"ಯಾರು ಮುಟ್ತಾರೆ? ಬೆಳಗ್ಗೆಯಿಂದ ಅಲ್ಲೇ ಇದೆ," ಎಂದಳು ಹೆಂಡತಿ. "ಅದಿರಲಿ, ಒಲೆ ಹಚ್ಚಬೇಕು, ಮನೇಲಿ ಕಡ್ಡಿ ಮುಗಿದಿದೆ. ನಿಮ್ಮ ಜೇಬಲ್ಲಿರೋದು ಕೊಡಿ." ತಾನೇ ಕೈಹಾಕಿ ತೆಗೆದಳು. "ಅಯ್ಯೋ, ಇದೂ ಒದ್ದೆ! ಮೊನ್ನೆ ತಂದದ್ದು ಅಲ್ವೇನ್ರೀ? ಜೇಬಲ್ಲಿ ಕಪ್ಪೆ ಸಾಕಿದ್ದೀರಾ?"

ಒಂದು ವರ್ಷದಿಂದ ಹೀಗೇ. ಹೊಸ ಪೊಟ್ಟಣ ಜೇಬಿಗೆ ಬಿದ್ದರೆ ಸಾಕು, ಮರುದಿನಕ್ಕೆ ಕಡ್ಡಿಯ ತಲೆ ಕೆಸರಾಗುತ್ತಿತ್ತು. ಆದರೂ ಪೊಟ್ಟಣವಿಲ್ಲದೆ ಅವನು ಹೊಸಿಲು ದಾಟುತ್ತಿರಲಿಲ್ಲ.

ಯಾಕೆ ಎಂದು ಹೇಳಬೇಕಾದರೆ ಒಂದು ವರ್ಷ ಹಿಂದೆ ಹೋಗಬೇಕು.

ಆ ಮನೆಯ ಯಜಮಾನನಿಗೆ ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಅಳಿಯಂದಿರನ್ನು ಮನೆಯಲ್ಲೇ ಇಟ್ಟುಕೊಂಡ. ಊರಿಗೆಲ್ಲ ಅವರು ದೊಡ್ಡಳಿಯ, ಚಿಕ್ಕಳಿಯ. ಮಾವ ಕಣ್ಣು ಮುಚ್ಚಿದ ಮೇಲೆ ಹೊಲ ಎರಡು ಪಾಲಾಯಿತು, ಮನೆಗೆ ನಡುಗೋಡೆ ಬಂತು, ಏಣಿಯನ್ನೂ ಗರಗಸದಲ್ಲಿ ಕೊಯ್ದು ಅರ್ಧರ್ಧ ಮಾಡಿಕೊಂಡರು. ಎರಡೂ ತುಂಡು ಯಾವ ಅಟ್ಟಕ್ಕೂ ಎಟುಕುತ್ತಿರಲಿಲ್ಲ. ಕೊಯ್ಯಲಾಗದೆ ಉಳಿದದ್ದು ಬಾವಿ ಒಂದೇ. ಒಂದು ವರ್ಷ ಒಬ್ಬ ಇಳಿದು ಹೂಳು ತುಂಬುವುದು, ಇನ್ನೊಬ್ಬ ಮೇಲೆ ಹಗ್ಗ ನೋಡಿಕೊಳ್ಳುವುದು, ಮರುವರ್ಷ ಅದಲು ಬದಲು. ಹಗ್ಗದ ಇನ್ನೊಂದು ತುದಿ ಎತ್ತಿನ ನೊಗಕ್ಕೆ.

ದೊಡ್ಡಳಿಯ ನಗುನಗುತ್ತಲೇ ಉರಿಸುವ ಜಾತಿ. ಬಾಯಲ್ಲಿ ಸದಾ ಚುಟ್ಟಾ, ಜೇಬಲ್ಲಿ ಮಾತ್ರ ಎಂದೂ ಬೆಂಕಿಯಿಲ್ಲ. ಕಂಡವರನ್ನೆಲ್ಲ, "ಬೆಂಕಿಪೊಟ್ಟಣ ಇದ್ಯಾ?" ಎನ್ನುವನು. ಕೊಟ್ಟರೆ ಹಚ್ಚಿಕೊಂಡು, ಪೊಟ್ಟಣವನ್ನು ತನ್ನ ಜೇಬಿಗೇ ಇಳಿಸುವನು. ಒಂದು ದಿನವೂ ವಾಪಸು ಕೊಟ್ಟವನಲ್ಲ. ಚಿಕ್ಕಳಿಯನ ಎಷ್ಟು ಪೊಟ್ಟಣ ಹಾಗೆ ಹೋಗಿದ್ದವೋ.

ಅವತ್ತು ಬಾವಿಯ ಬಳಿ ಬರುವಾಗಲೇ ಇಬ್ಬರಿಗೂ ಜಗಳ. ಇವನ ಕೋಳಿ ಅವನ ಸಸಿಮಡಿ ಕೆದಕಿತ್ತು. ದೊಡ್ಡಳಿಯ ಕುಣಿಕೆಗೆ ಕಾಲಿಟ್ಟು, ಲಾಟೀನನ್ನು ಎತ್ತಿ ತೋರಿಸಿದ.

"ಬೆಂಕಿಪೊಟ್ಟಣ ಇದ್ಯಾ, ತಮ್ಮಾ? ದೀಪ ಇಳಿಸಿ ನೋಡೋಣ."

ಬಾವಿಗಿಳಿಯುವ ಮುನ್ನ ಉರಿಯುವ ದೀಪ ಇಳಿಸುವುದು ಕ್ರಮ. ದೀಪ ಉರಿದರೆ ಮನುಷ್ಯ ಉಸಿರಾಡಬಹುದು. ದೀಪ ಆರಿದರೆ ಅಲ್ಲಿ ಗಾಳಿ ಕೆಟ್ಟಿದೆ.

ಚಿಕ್ಕಳಿಯನ ಅಂಗಿಯ ಜೇಬಿನಲ್ಲಿ ತುಂಬಿದ ಪೊಟ್ಟಣವಿತ್ತು. ಅವನು ಅತ್ತ ಮುಖ ತಿರುಗಿಸಿ, "ಇಲ್ಲ," ಎಂದ.

"ಹೋಗಲಿ ಬಿಡು. ಇಳಿಯದ ಬಾವಿಯಾ ಇದು?" ಎಂದು ದೊಡ್ಡಳಿಯ ನಗುತ್ತಾ ಇಳಿದ.

ಸ್ವಲ್ಪ ಹೊತ್ತಿಗೆ ಹಗ್ಗ ಮೂರು ಸಲ ಜಗ್ಗಿತು. ಚಿಕ್ಕಳಿಯ ಒಂದು ಗಳಿಗೆಯೂ ತಡಮಾಡದೆ ಎತ್ತು ಹೊಡೆದ. ಅಷ್ಟು ಸತ್ಯ, ದೇವರು ನೋಡಿದ್ದಾನೆ. ಹಗ್ಗ ಬಂತು. ಕುಣಿಕೆ ಬರಿದಾಗಿತ್ತು.

ಮರುದಿನ ಬಾವಿ ತೋಡುವವರು ಬಂದು ದೇಹ ಎತ್ತಿದರು. ದೀಪದ ಮಾತು ಯಾರೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಈಗ ಮತ್ತೆ ಹೂಳೆತ್ತುವ ಕಾಲ ಬಂದಿತ್ತು. ಕುಳ ಬಿಸಾಕಿ ಓಡಿಬಂದ ರಾತ್ರಿ ಕಳೆದು ಬೆಳಗಾಗುವ ಮುಂಚೆಯೇ ಬಾಗಿಲು ಬಡಿದ ಸದ್ದು. ದೊಡ್ಡಳಿಯನ ಹೆಂಡತಿ ನಿಂತಿದ್ದಳು. ಚಿಕ್ಕಳಿಯನ ಹೆಂಡತಿಗೆ ಒಡಹುಟ್ಟಿದ ಅಕ್ಕ. ಅವನೂ ಅಕ್ಕ ಎಂದೇ ಕರೆಯುವುದು. ವರ್ಷದಿಂದ ಅವಳು ಇವನ ಜೊತೆ ಮಾತಾಡಿರಲಿಲ್ಲ. ಕೈಯಲ್ಲಿ ಅವನು ರಾತ್ರಿ ಬಿಟ್ಟು ಬಂದ ಕುಳ.

"ಬಾವಿ ಹತ್ರ ಬಿದ್ದಿತ್ತು. ಭಾರ ಆಯ್ತೇನೋ ಪಾಪ," ಎಂದು ಅದನ್ನು ಹೊಸಿಲ ಮೇಲೆ ಎತ್ತಿ ಹಾಕಿದಳು. ಠಣ್ ಎಂದಿತು. "ಬಾವೀಲಿ ಒಂದು ಕೊಡ ನೀರಿಲ್ಲ. ನನ್ನ ಸಸೀನೂ ಬಾಡ್ತಿದೆ, ನಿನ್ನದೂ ಬಾಡ್ತಿದೆ. ಈ ವರ್ಷ ಇಳಿಯೋ ಸರದಿ ನಿನ್ನದು."

"ಮೇಲೆ ಹಗ್ಗ ಯಾರು ಹಿಡೀತಾರೆ, ಅಕ್ಕಾ?"

"ಅವರ ಪಾಲಿನ ಕೆಲಸ ಇನ್ಯಾರು ಮಾಡ್ತಾರೆ? ನಾನೇ."

ಅವಳು ಹೋದ ಮೇಲೆ ಹೆಂಡತಿ ಅವನ ತೋಳು ಹಿಡಿದಳು. "ಬೇಡ ರೀ. ಅವಳು ನನ್ನ ಅಕ್ಕಾನೇ ಇರಬಹುದು… ಅವಳ ಕಣ್ಣು ನೋಡಿದ್ರಾ?"

ನೋಡಿದ್ದ. ಆದರೆ ಸಸಿ ಸತ್ತರೆ ವರ್ಷದ ಅನ್ನವೇ ಹೋಯಿತು. ಇಳಿಯಲಾರೆ ಎಂದರೆ, ಯಾಕೆ ಎಂದು ಊರು ಕೇಳುತ್ತದೆ. ಅದಕ್ಕೆ ಅವನ ಬಳಿ ಉತ್ತರವಿತ್ತು. ಆ ಉತ್ತರಕ್ಕೇ ಅವನಿಗೆ ಹೆದರಿಕೆ.

ಬಾವಿಯ ಬಳಿ ಎತ್ತುಗಳು ನಿಂತಿದ್ದವು. ಹೆಂಡತಿ ಅವುಗಳ ಮೂಗುದಾರ ಹಿಡಿದಿದ್ದಳು. ಅಕ್ಕ ರಾಟೆಯ ಪಕ್ಕ, ಅಂಗೈ ಹಗ್ಗದ ಮೇಲೆ. ಚಿಕ್ಕಳಿಯ ಕುಣಿಕೆಯನ್ನು ನಂಬಲಿಲ್ಲ, ಹಗ್ಗವನ್ನು ಸೊಂಟಕ್ಕೇ ಎರಡು ಸುತ್ತು ಬಿಗಿದುಕೊಂಡ.

ಆಗ ಅಕ್ಕ ಲಾಟೀನು ಎತ್ತಿ ಹಿಡಿದಳು. ಅದೇ ಲಾಟೀನು.

"ದೀಪ ಇಳಿಸಬೇಕಲ್ಲ," ಎಂದಳು, ಮೆತ್ತಗೆ. "ಬೆಂಕಿಪೊಟ್ಟಣ ಇದ್ಯಾ?"

ಚಿಕ್ಕಳಿಯ ಜೇಬಿನ ಗುಂಡಿ ಬಿಚ್ಚಿದ. ಪೊಟ್ಟಣ ತೆಗೆದ. ಒಂದು ಕಡ್ಡಿ ಗೀರಿದ, ತಲೆ ಉದುರಿತು. ಇನ್ನೊಂದು… ಅದೂ ಕೆಸರು. ಮೂರನೆಯದು ಮುರಿಯಿತು.

"ಅಕ್ಕಾ, ನಿನ್ನ ಹತ್ರ?" ಎಂದು ಹೆಂಡತಿ ಕೇಳಿದಳು.

"ಇಲ್ಲ," ಎಂದಳು ಅಕ್ಕ, ಅತ್ತ ಮುಖ ತಿರುಗಿಸಿ.

"ನಾನು ಪಕ್ಕದ ಮನೆಗೆ ಓಡಿ ತರ್ತೀನಿ ತಾಳಿ."

"ಬೇಡ!" ಎಂದ ಚಿಕ್ಕಳಿಯ. ಇವತ್ತು ಓಡಿ ತಂದರೆ, ಅವತ್ತು ಯಾಕೆ ಯಾರೂ ಓಡಲಿಲ್ಲ ಎಂಬ ಮಾತು ಬರುತ್ತದೆ. ದೀಪದ ಮಾತೇ ಅವನಿಗೆ ಬೇಡವಾಗಿತ್ತು. ಪೊಟ್ಟಣವನ್ನು ಜೇಬಿಗೆ ತುರುಕಿ, ಗುಂಡಿ ಹಾಕಿ, "ಇಳಿಯದ ಬಾವಿಯಾ ಇದು?" ಎಂದುಬಿಟ್ಟ. ಆಡಿದ ಮೇಲೆ ಹೊಳೆಯಿತು, ಅದು ತನ್ನ ಮಾತಲ್ಲ ಎಂದು.

ಎತ್ತುಗಳು ಹಿಂದೆ ಸರಿದವು. ರಾಟೆ ತಿರುಗಿತು. ಕೀ…ರ್.

ತಳ ತಲುಪಿದಾಗ ಮೊಣಕಾಲುದ್ದ ಕೆಸರು. ಮೇಲೆ ಆಕಾಶ ತಟ್ಟೆಯಷ್ಟು. ಅವನು ಗುದ್ದಲಿಗೆ ಕೈಹಾಕಿದ. ಯಾಕೋ ಹಾಯೆನಿಸಿತು. ಕೈಕಾಲು ಹತ್ತಿಯಂತೆ. ಒಂದು ಗಳಿಗೆ ಗೋಡೆಗೊರಗಿ ಕೂರೋಣ ಎನ್ನಿಸಿತು… ಒಂದೇ ಗಳಿಗೆ…

ಗಲ್… ಗಲ್… ಗಲ್.

ತುಂಬಿದ ಬೆಂಕಿಪೊಟ್ಟಣ ಅಲ್ಲಾಡಿಸಿದ ಸದ್ದು. ಅವನ ಜೇಬಿನದಲ್ಲ. ಎಡಗಿವಿಯ ಪಕ್ಕದಲ್ಲಿ.

"ಬೆಂಕಿಪೊಟ್ಟಣ ಇದ್ಯಾ, ತಮ್ಮಾ?"

ಕತ್ತು ತಿರುಗಿಸುವ ಧೈರ್ಯವಿರಲಿಲ್ಲ. ತುಟಿ ಮಾತ್ರ ಅಲುಗಿತು. "ಇದೆ… ಅವತ್ತೂ ಇತ್ತು, ಅಣ್ಣಾ. ಇತ್ತು."

ಆಗ ನಗು ಕೇಳಿಸಿತು. ಆ ಹಳೆಯ ಉರಿಸುವ ನಗು. ಆಮೇಲೆ ನಗು ನಿಂತಿತು.

"ಮೇಲೆ ಹತ್ತು. ಇದು ನನ್ನ ಪಾಲು."

ಅವನ ಸೊಂಟದ ಮೇಲಿನ ಹಗ್ಗ ಬಿಗಿಯಿತು. ಕಟ್. ಅವನು ಜಗ್ಗಿರಲಿಲ್ಲ. ಕಟ್… ಕಟ್.

ಮೇಲೆ ಅಕ್ಕನ ಅಂಗೈ ಅದನ್ನು ಅರಿಯಿತು. ಅವಳು ಕೂಗಲಿಲ್ಲ. ತುಟಿ ಕಚ್ಚಿ ನಿಂತೇ ಇದ್ದಳು. ಎತ್ತು ನಡೆಸು ಎನ್ನುವ ಮಾತು ಅವಳ ಬಾಯಿಂದ ಬರಲೇ ಇಲ್ಲ. ಆದರೆ ಎತ್ತುಗಳು ಯಾರ ಮಾತಿಗೂ ಕಾಯಲಿಲ್ಲ. ಬುಸ್ಸೆಂದು ಮೂಗರಳಿಸಿ, ಮೂಗುದಾರ ಹಿಡಿದವಳನ್ನೇ ಎಳೆದುಕೊಂಡು ಓಡಿದವು. ಚಿಕ್ಕಳಿಯ ಬಾವಿಯ ಗೋಡೆಗೆ ಉಜ್ಜಿಕೊಂಡು ಮೇಲೆ ಬಂದು ದಂಡೆಯ ಮೇಲೆ ಬಿದ್ದ.

ಉಸಿರು ತಿರುಗಲು ಹೊತ್ತು ಹಿಡಿಯಿತು. ಹೆಂಡತಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

"ಮೂರು ಸಲ ಜಗ್ಗಿದೆ," ಎಂದಳು ಅಕ್ಕ.

"ನಾನು ಜಗ್ಗಲಿಲ್ಲ."

ಅಕ್ಕ ಬಾವಿಯ ಕಡೆ ನೋಡಿದಳು. ಆಮೇಲೆ ಸೊಂಟದಿಂದ ಏನನ್ನೋ ಬಿಚ್ಚಿ ತೆಗೆದಳು. ಬೆಂಕಿಪೊಟ್ಟಣ. ಒಣಗಿದ್ದು, ತುಂಬಿದ್ದು.

"ಅಕ್ಕಾ!" ಎಂದಳು ತಂಗಿ. "ಇಟ್ಕೊಂಡೇ ಇಲ್ಲ ಅಂದ್ಯಾ?"

"ನಿನ್ನ ಗಂಡನ್ನ ಕೇಳು, ಇಟ್ಕೊಂಡು ಇಲ್ಲ ಅನ್ನೋದು ಹೇಗೆ ಅಂತ. ಲಾಟೀನು ಹಚ್ಚದೇ ದಂಡೆ ಮೇಲೆ ಬಿದ್ದಿತ್ತು. ಅವರ ದೇಹ ಎತ್ತೋಕೆ ಇವನು ಬಗ್ಗಿದಾಗ ಜೇಬು ಗಲಗಲ ಅಂತು. ಹದಿನೆಂಟು ವರ್ಷ ಅವರಿಗೆ ಬೆಂಕಿಪೊಟ್ಟಣ ಹುಡುಕಿ ಕೊಟ್ಟೋಳು ನಾನು. ಆ ಸದ್ದು ನನಗೆ ಗೊತ್ತಾಗಲ್ವಾ?"

ಅವಳು ಕಡ್ಡಿ ಗೀರಿದಳು. ಸರ್ರ್. ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ತಾನೇ ಇಳಿಬಿಟ್ಟಳು. ಅರ್ಧ ಬಾವಿ ದಾಟುವುದರೊಳಗೆ ದೀಪ ನೀಲಿಗೆ ತಿರುಗಿತು. ಆರಿತು. ಯಾರೂ ಊದಿದಂತಿರಲಿಲ್ಲ. ಬೆರಳಲ್ಲಿ ಚಿವುಟಿದಂತೆ.

"ನಿನ್ನ ಮೇಲಿನ ಕರುಣೆಯಿಂದ ಅವರು ಮೇಲೆ ಕಳಿಸಿದರು ಅಂದ್ಕೋಬೇಡ," ಎಂದಳು ಅಕ್ಕ.

"ಅಂದ್ಕೊಂಡಿಲ್ಲ," ಎಂದ ಚಿಕ್ಕಳಿಯ. "ಅವನಿಗೆ ನಾನು ಅಲ್ಲೂ ಬೇಡ."

ಆಮೇಲೆ ಅವರಿಬ್ಬರ ನಡುವೆ ಮಾತು ಮತ್ತೆ ಹುಟ್ಟಲಿಲ್ಲ. ಹುಟ್ಟುವುದೂ ಬೇಕಿರಲಿಲ್ಲ. ಸೊಪ್ಪಿನ ಕೊಂಬೆ ಕಟ್ಟಿ ಎರಡು ದಿನ ಬಾವಿಯೊಳಗೆ ಇಳಿಸಿ ಏರಿಸಿ ಗಾಳಿ ಆಡಿಸಿದರು. ದೀಪ ನಿಂತು ಉರಿದ ಮೇಲೆ ಕೂಲಿಯವರು ಇಳಿದು ಹೂಳೆತ್ತಿದರು. ನೀರು ಬಂತು. ಎರಡೂ ಪಾಲಿನ ಸಸಿ ಉಳಿಯಿತು.

ಇನ್ನು ಲಾಳದ ಮುದುಕ ಕಣ್ಣಾರೆ ಕಂಡ ಮಾತು ಒಂದಿದೆ. ಚಿಕ್ಕಳಿಯ ಮೇಲೆ ಬಂದು ಬಿದ್ದ ಹೊತ್ತಿಗೆ, ಎತ್ತಿನ ಸವೆದ ಲಾಳ ನೋಡಲೆಂದು ಮುದುಕ ಆ ದಾರಿಯಲ್ಲೇ ಬಂದಿದ್ದ. ಅಂಗಿ ಬಿಚ್ಚಿಸಿ ಗಾಳಿ ಬೀಸಿದವನು ಅವನೇ. ಜೇಬಿನ ಗುಂಡಿ ಹಾಕಿದಂತೆಯೇ ಇತ್ತು, ಬಟ್ಟೆ ಹರಿದಿರಲಿಲ್ಲ. ಒಳಗೆ ಪೊಟ್ಟಣವಿರಲಿಲ್ಲ. ಆಮೇಲೆ ಮೂರು ದಿನ ಎತ್ತಿದ ಹೂಳನ್ನೆಲ್ಲ ಚಿಕ್ಕಳಿಯ ದಂಡೆಯ ಮೇಲೆ ಕೂತು ಜರಡಿ ಹಿಡಿದ. ಕಲ್ಲು ಸಿಕ್ಕಿತು, ಒಂದು ಹಳೆಯ ಬಳೆ ಸಿಕ್ಕಿತು, ಬಕೆಟ್ಟಿನ ಹಿಡಿ ಸಿಕ್ಕಿತು. ಪೊಟ್ಟಣ ಸಿಗಲಿಲ್ಲ. ಅಂದಿನಿಂದ ಅವನ ಜೇಬಿನಲ್ಲಿ ಕಡ್ಡಿ ಒದ್ದೆಯಾಗಲಿಲ್ಲ.

ನಂಬುವುದು ಬಿಡುವುದು ನಿಮ್ಮದು. ನಡೆದದ್ದಂತೂ ಹೌದು. ಆದರೆ ಕೇಳಿಸಿಕೊಂಡು ಸುಮ್ಮನಾಗಬೇಡಿ, ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಇಷ್ಟು ಮಾತ್ರ ಮರೆಯಬೇಡಿ: ಬಾವಿಗಿಳಿಯುವವನು ಬೆಂಕಿ ಕೇಳಿದರೆ, ಅವನು ಹಗೆಯೇ ಆಗಿರಲಿ… ಜೇಬಿಗೆ ಕೈ ಹಾಕಿ.