ಪರೀಕ್ಷೆಗೆ ಹೊರಟ ಮದಲಗಿತ್ತಿ

ಬಬಲೇಶ್ವರದಿಂದ ವಿಜಯಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಹದಿನೇಳರ ಮೊಮ್ಮಗಳು.

“ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ಈಗ ಪರೀಕ್ಷಾಕ್ಕ ಓಡಾಕತ್ತಾಳ,” ಎಂದಳು ಅಜ್ಜಿ, ಸುತ್ತಲಿನವರಿಗೂ ಕೇಳುವಂತೆ.

“ಸಾಲಿ ಬಿಟ್ಟು ಮನ್ಯಾಗ ಕುಂತವರಿಗೇ ಸರಕಾರದವರು ಪುಕ್ಕಟ ಬ್ಯೂಟಿ ಪಾರ್ಲರ್ ಕೆಲಸಾ ಕಲಿಸ್ಯಾರ, ಆಯಿ. ಇವತ್ತ ಒಬ್ಬರಿಗೆ ಮದಲಗಿತ್ತಿ ಸಿಂಗಾರ ಮಾಡಿ ಪಾಸಾದ್ರ ಅಥಣಿ ರಸ್ತೆದಾಗಿನ ಪಾರ್ಲರದಾಗ ನೌಕರಿ.”

“ಮದಲಗಿತ್ತಿ ಆಗಾಕ ನಾನ ಬೇಕಾಗಿತ್ತೇನು?”

“ಬರತೇನಂದ ಗೆಳತಿ ಮಿನಾಜಗ ಜ್ವರ ಬಂದಾವ. ಸೆರಗ ತಗಿ, ತಲಿ ನೋಡೂನು.”

ಸೆರಗು ಸರಿಯಿತು. ಕೊಬ್ಬರಿ ಎಣ್ಣೆಯ ವಾಸನೆ ನನ್ನವರೆಗೂ ಬಂತು.

“ಯವ್ವಾ, ಎಣ್ಣಿ ಹಚ್ಚಬ್ಯಾಡ ಅಂದಿದ್ದೆ. ಇದರಾಗ ಪಿನ್ನು ನಿಂದರೂದಿಲ್ಲ, ನಾ ಫೇಲ್ ಆಗ್ತೇನಿ.”

“ಎಣ್ಣಿ ಹಚ್ಚದ ಮದಲಗಿತ್ತಿನ ಯಾರು ಹೊರಗ ಕರಕೊಂಡ ಹೋಗ್ತಾರ?”

ಹುಡುಗಿ ಎಣ್ಣೆ ಹತ್ತಿದ ಬೆರಳು ನೋಡಿ ನಕ್ಕಳು.

“ಇರಲಿ ಬಿಡು. ತಲಿ ತೊಳ್ಯೂದಕ್ಕೂ ಮಾರ್ಕ್ಸ್ ಅದಾವ. ಉಳಿದ ಮದಲಗಿತ್ತೇರೆಲ್ಲಾ ತೊಳಕೊಂಡ ಬಂದಿರ್ತಾರ, ಪಾಪ.”

“ನೋಡಿದ್ಯಾ, ನಾ ಸುಮ್ನ ಹಚ್ಚಿಲ್ಲ.”

“ಸಂಜಿಕೆ ಮುತ್ಯಾಗ ನಿನ್ನ ಗುರುತ ಸಿಗದಿದ್ರ?”

“ನನ್ನ ಕೂಡ ಇನ್ನೊಮ್ಮೆ ಲಗ್ನಾ ಆಗಲಿ, ಏನಾತು?”

ಅವರ ಸ್ಟಾಪು ಬಂತು. ಎದ್ದು ನಿಂತ ಅಜ್ಜಿ ಕಂಡಕ್ಟರನಿಗೆ ಗಂಭೀರವಾಗಿ ಹೇಳಿದಳು:

“ತಮ್ಮಾ, ಸಾವಕಾಶ ನಿಲ್ಲಸು. ಮದಲಗಿತ್ತಿ ಇಳ್ಯಾಕತ್ತಾಳ.”